ಗರಿಕೆಯ ಮೇಲೆ ಚೆಂಡಿನ ಓಟ

ಗಣೇಶನ ಹಬ್ಬದ ಹಿಂದಿನ ದಿನ ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಗರಿಕೆಯ ಕಟ್ಟುಗಳು ರಾಶಿ ಬೀಳುತ್ತವೆ. ಚೌಕಾಸಿ ಮಾಡಿ ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಗೊತ್ತೋ, ಈ ಹುಲ್ಲಿನ ಹತ್ತಿರದ ಸಂಬಂಧಿಯೊಂದು ಗಾಲ್ಫ್ ಮೈದಾನಗಳಲ್ಲಿ ದಿನವೂ ಕ್ಷೌರ ಮಾಡಿಸಿಕೊಳ್ಳುತ್ತದೆ.

ಜಯನಗರ, ಬನಶಂಕರಿಯವರಿಗೆ ಗಾಲ್ಫ್ ದೂರದ ಆಟವೇ. 1876ರಲ್ಲಿ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ ಇರುವುದು ಹೈಗ್ರೌಂಡ್ಸ್ ಕಡೆ. 2012ರ ಇಂಡಿಯನ್ ಓಪನ್ ನಡೆದ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ದೊಮ್ಮಲೂರಿನಾಚೆ. ಅಲ್ಲಿ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲುಹಾಸಿಗೆ 'ಗ್ರೀನ್' ಎಂದು ಹೆಸರು. ಮೆಲ್ಲಗೆ ತಟ್ಟಿದ ಚೆಂಡು ಅದರ ಮೇಲೆ ಎಷ್ಟು ದೂರ ಉರುಳುತ್ತದೆ ಎಂಬುದೇ ಗ್ರೀನಿನ 'ವೇಗ'.

ಮೊದಮೊದಲು ಈ ವೇಗವನ್ನು ನಿರ್ಧರಿಸುತ್ತಿದ್ದುದು ಕುರಿಗಳ ಹಲ್ಲು ಮತ್ತು ಕುಡುಗೋಲು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್, ಬಟ್ಟೆಯ ಜುಂಗು ಕತ್ತರಿಸುವ ಗಿರಣಿಯ ಯಂತ್ರವನ್ನು ನೋಡಿ ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಅಮೆರಿಕದ ಟಿಫ್ಟನ್ ಸಂಶೋಧನಾ ಕೇಂದ್ರವು ಗರಿಕೆಯನ್ನು ಆಫ್ರಿಕದ ತಳಿಯೊಂದರೊಡನೆ ಕೂಡಿಸಿ 1956ರಲ್ಲಿ 'ಟಿಫ್‌ಗ್ರೀನ್', 1965ರಲ್ಲಿ ಅದರದೇ ಕುಳ್ಳ ರೂಪವಾದ 'ಟಿಫ್‌ಡ್ವಾರ್ಫ್' ಹೊರತಂದ ಮೇಲೆ, ಬಿಸಿಲ ನಾಡುಗಳಲ್ಲೂ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿಗೆ ಇಳಿಸುವುದು ಸಾಧ್ಯವಾಯಿತು. ಗಣಪತಿಗೆ ಮೂರೆಸಳಿನ ಗರಿಕೆ ಪ್ರಿಯ. ಗಾಲ್ಫ್ ಆಟಗಾರನಿಗೆ ಒಂದೆಸಳೂ ಭಾರವೇ.

ವೇಗವನ್ನು ಅಳೆಯುವ ಯೋಚನೆ ಬಂದದ್ದು 1935ರಲ್ಲಿ. ಓಕ್‌ಮಾಂಟಿನಲ್ಲಿ ನಡೆದ ಅಮೆರಿಕದ ಓಪನ್‌ನಲ್ಲಿ ಜೀನ್ ಸಾರಾಜೆನ್‌ನಂಥ ನಿಪುಣ ತಟ್ಟಿದ ಚೆಂಡು ಗ್ರೀನನ್ನೇ ದಾಟಿ ಮರಳಿನ ಗುಂಡಿಗೆ ಬಿತ್ತು. ನೋಡುತ್ತಿದ್ದ ಎಡ್ವರ್ಡ್ ಸ್ಟಿಂಪ್ಸನ್‌ಗೆ ಗ್ರೀನ್ ಅತಿವೇಗವಾಗಿದೆ ಅನಿಸಿತು. ಅನಿಸಿಕೆಗೆ ಪುರಾವೆ ಬೇಕಲ್ಲ? ಗಾಡಿಯಿರುವ ಮರದ ಪಟ್ಟಿಯೊಂದನ್ನು ಮಾಡಿದ. 1976ರಲ್ಲಿ ಫ್ರಾಂಕ್ ಥಾಮಸ್ ಅದನ್ನು ಅಲ್ಯೂಮಿನಿಯಂನಲ್ಲಿ ತಿದ್ದಿ ರೂಪಿಸಿದ. 1978ರಿಂದ ಮೈದಾನಗಳಿಗೆ ಸಿಗತೊಡಗಿತು. ಮೂರಡಿ ಉದ್ದದ ಪಟ್ಟಿಯ ಕಚ್ಚಿನಲ್ಲಿ ಚೆಂಡಿಟ್ಟು ಒಂದು ತುದಿಯನ್ನು ನಿಧಾನ ಎತ್ತಿದರೆ, ಸುಮಾರು 20 ಡಿಗ್ರಿಗೆ ಚೆಂಡು ತಾನಾಗಿ ಜಾರುತ್ತದೆ. ಈ ಕಡೆಯಿಂದ ಮೂರು ಸಲ, ಆ ಕಡೆಯಿಂದ ಮೂರು ಸಲ ಉರುಳಿಸಿದಾಗ ಬರುವ ಸರಾಸರಿ ಅಡಿಗಳೇ ಗ್ರೀನಿನ ವೇಗ.

ಒಂದು ಮೈದಾನದ 18 ಗ್ರೀನುಗಳೂ ಒಂದೇ ಹದದಲ್ಲಿರಲಿ ಎಂಬುದಷ್ಟೇ ಇದರ ಉದ್ದೇಶವಾಗಿತ್ತು. ಆದರೆ ಅಂಕಿ ಕೈಗೆ ಸಿಕ್ಕೊಡನೆ ಪೈಪೋಟಿ ಶುರುವಾಯಿತು. ಎಪ್ಪತ್ತರ ದಶಕದ ಅಮೆರಿಕದಲ್ಲಿ ಆರೂವರೆ ಅಡಿ ಸಾಮಾನ್ಯ; ಇಂದಿನ ದೊಡ್ಡ ಪಂದ್ಯಗಳಲ್ಲಿ 12 ಅಡಿಯೂ ಅಚ್ಚರಿಯಲ್ಲ. 2004ರ ಅಮೆರಿಕ ಓಪನ್‌ನ ಕೊನೆಯ ದಿನ ಶಿನ್ನೆಕಾಕ್ ಹಿಲ್ಸ್‌ನ ಏಳನೇ ಗ್ರೀನಿನಲ್ಲಿ ಚೆಂಡು ನಿಲ್ಲಲೇ ಇಲ್ಲ. ಆಟದ ನಡುವೆಯೇ ನೀರು ಚಿಮುಕಿಸಬೇಕಾಯಿತು.

ಈ ಓಟದ ಬೆಲೆ ತೆರುವುದು ಹುಲ್ಲು. ಎಲೆ ಗಿಡ್ಡವಾದಷ್ಟೂ ಬೇರು ಮೇಲೇ ಉಳಿಯುತ್ತದೆ; ಆಗಾಗ ನೀರು ಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಎಂದಾಗ, ಜೆ.ಪಿ. ನಗರದ ಮನೆಯಂಗಳದ ಗಿಡಗಳಿಗೇ ತತ್ವಾರವಾಗಿತ್ತು. ಗರಿಕೆಗೆ ಬಿಸಿಲೂ ಬೇಕು. ಮೋಡ ಕವಿದ ಜುಲೈ, ಆಗಸ್ಟ್‌ಗಳಲ್ಲಿ ಅನುಭವಸ್ಥ ಮೇಲ್ವಿಚಾರಕರು ಯಂತ್ರದ ಅಲಗನ್ನು ಕೂದಲೆಳೆಯಷ್ಟು ಮೇಲಕ್ಕೆತ್ತುತ್ತಾರೆ. ಆಗ ಚೆಂಡು ನಿಧಾನವಾಗುತ್ತದೆ, ಸದಸ್ಯರ ಗೊಣಗಾಟ ಜೋರಾಗುತ್ತದೆ.