ರಂಗದ ಮೇಲಿನ ಕಳ್ಳ, ಚೌಕಿಯೊಳಗಿನ ಒಡವೆ

ನಮ್ಮ ಕಾಫಿ ಸೀಮೆಯ ಚರಿತ್ರೆಯೇ ಒಂದು ಸವಿಯಾದ ಕಳವಿನಿಂದ ಮೊದಲಾಯಿತೆಂದರೆ ಯಾರೂ ಮುನಿಯಬೇಕಾಗಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಸಂತರು ಯಾತ್ರೆಯಿಂದ ಹಿಂದಿರುಗುವಾಗ ಅರಬ್ಬರ ಕಟ್ಟುಕಾವಲನ್ನು ತಪ್ಪಿಸಿ ಏಳು ಕಾಫಿ ಬೀಜಗಳನ್ನು ಮರೆಮಾಡಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಇದನ್ನು ಕಳವೆನ್ನಬೇಕೋ ಪ್ರಸಾದವೆನ್ನಬೇಕೋ ಎಂಬ ತರ್ಕ ನಮಗೆ ಬೇಡ. ಬೆಳಗಿನ ಲೋಟವನ್ನು ಕೈಗೆತ್ತಿಕೊಂಡವರು ಆ ತರ್ಕವನ್ನು ಎಂದೂ ಮಾಡಿದವರಲ್ಲ. ಆದರೆ ಕಳವಿನಲ್ಲಿಯೂ ಜನ ಮೆಚ್ಚಿ ನಗುವಂಥದೊಂದುಂಟು ಎಂಬುದಕ್ಕೆ ಅದೊಂದು ನಿದರ್ಶನ. ಇಂಥ ಕಳವಿಗೆ ನಮ್ಮ ರಂಗಭೂಮಿ ಬಹು ಹಿಂದಿನಿಂದಲೂ ಮಣೆ ಹಾಕಿದೆ. ಕಳುವಾದ ಒಡವೆ, ಅದನ್ನು ಹುಡುಕುವ ಪೇಚಾಟ, ನಡುವೆ ಬಡಪಾಯಿಯೊಬ್ಬನ ಮೇಲೆ ಬೀಳುವ ಅಪವಾದ, ಈ ಮೂರನ್ನೂ ಹೊಸೆದ ಕಥೆಗಳನ್ನು ಆಡಿ ತೋರಿಸಿದವರು ಬಹುಮಟ್ಟಿಗೆ ಮೈಮೇಲೆ ಒಂದು ಗುಂಜಿ ಚಿನ್ನವೂ ಇಲ್ಲದ ಕಲಾವಿದರು. ಆ ಚರಿತ್ರೆಯನ್ನು ತುಸು ನೋಡೋಣ.

ಈ ಬಗೆಯ ಕಥೆಗಳಿಗೆಲ್ಲ ಹಿರಿಯಕ್ಕನೆನಿಸುವುದು ಶೂದ್ರಕನ ‘ಮೃಚ್ಛಕಟಿಕ’. ವಸಂತಸೇನೆ ತನ್ನ ಆಭರಣಗಳ ಗಂಟನ್ನು ಚಾರುದತ್ತನ ಮನೆಯಲ್ಲಿ ಇಡುಗಂಟಾಗಿ ಇರಿಸಿ ಹೋಗುತ್ತಾಳೆ. ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ಬ್ರಾಹ್ಮಣ ಅಲ್ಲಿಗೆ ಕನ್ನ ಹಾಕಲು ಬರುತ್ತಾನೆ. ಅವನ ಕಳ್ಳತನಕ್ಕೂ ಶಾಸ್ತ್ರವುಂಟು, ಗುರುವುಂಟು, ಕುಲದೈವವುಂಟು. ಕನ್ನವನ್ನು ಕಮಲದಂತೆ ಕೊರೆಯಲೋ, ಎಳೆಚಂದ್ರನಂತೆ ಕೊರೆಯಲೋ, ಸ್ವಸ್ತಿಕದಂತೆಯೋ, ಪೂರ್ಣಕುಂಭದಂತೆಯೋ ಎಂದು ಅವನು ನಡುರಾತ್ರಿಯಲ್ಲಿ ಜಿಜ್ಞಾಸೆ ನಡೆಸುತ್ತಾನೆ. ಅಳತೆಯ ದಾರ ಮರೆತು ಬಂದಿರುವುದರಿಂದ ಹೆಗಲ ಮೇಲಿನ ಜನಿವಾರವೇ ಅಳತೆಗೋಲಾಗುತ್ತದೆ! ಒಳಹೊಕ್ಕು ನೋಡಿದರೆ ಕಣ್ಣಿಗೆ ಬೀಳುವುದು ಚಿನ್ನವಲ್ಲ. ಮೃದಂಗ, ವೀಣೆ, ಕೊಳಲು, ಪುಸ್ತಕಗಳು. ಇದೇನು ನಾಟ್ಯಾಚಾರ್ಯನ ಮನೆಯೋ ಎಂದು ಅವನು ಬೆರಗಾಗುತ್ತಾನೆ. ಕಳ್ಳನ ಲೆಕ್ಕದಲ್ಲಿ ವಾದ್ಯಗಳಿರುವ ಮನೆಯಲ್ಲಿ ದೋಚಲು ಬೇರೇನೂ ಸಿಗದು. ಎಷ್ಟು ಶತಮಾನಗಳ ಹಿಂದಿನ ಮಾತಿದು! ಕಲೆಗೂ ಬಡತನಕ್ಕೂ ಇರುವ ನಂಟಸ್ತಿಕೆಯನ್ನು ಆ ಕವಿ ಕಳ್ಳನ ಕಣ್ಣಿನಿಂದಲೇ ನಮಗೆ ತೋರಿಸಿಬಿಟ್ಟಿದ್ದಾನೆ.

ಮುಂದಿನದು ಶುದ್ಧ ನಗೆಯಾಟ. ಒಡವೆಯ ಕಾವಲಿಗಿದ್ದ ಮೈತ್ರೇಯ ನಿದ್ದೆಗಣ್ಣಿನಲ್ಲಿ ಕನವರಿಸುತ್ತ, ಬಳಿಯಲ್ಲಿರುವವನು ಚಾರುದತ್ತನೇ ಎಂದು ತಿಳಿದು, ಆಣೆಯಿಟ್ಟು ಬೇಡಿಕೊಂಡು, ಗಂಟನ್ನು ತಾನಾಗಿ ಕಳ್ಳನ ಕೈಗೆ ಹಾಕುತ್ತಾನೆ. ಬೆಳಗಾದ ಮೇಲೆ ಚಾರುದತ್ತ ಕನ್ನದ ಅಂದವನ್ನು ಮೆಚ್ಚುತ್ತಾನೆ. ಬಂದವನು ಬರಿಗೈಯಲ್ಲಿ ಹೋಗಲಿಲ್ಲವಲ್ಲ ಎಂದು ಸಮಾಧಾನಪಡುತ್ತಾನೆ. ಮರುಕ್ಷಣವೇ ಅವನಿಗೆ ಎದೆಯೊಡೆಯುತ್ತದೆ. ಕಳುವಾಯಿತೆಂದರೆ ನಂಬುವವರಾರು? ಬಡವನೇ ಕದ್ದು ಮುಚ್ಚಿಟ್ಟನೆಂದು ಲೋಕ ಆಡಿಕೊಳ್ಳದೆ? ಗಂಡನ ಮಾನವನ್ನು ಕಾಯಲು ಧೂತಾದೇವಿ ತನ್ನ ರತ್ನಹಾರವನ್ನು ತೆಗೆದುಕೊಡುತ್ತಾಳೆ. ಅತ್ತ ಶರ್ವಿಲಕ ಕದ್ದದ್ದೂ ತನ್ನ ಒಲವಿನ ಮದನಿಕೆಯನ್ನು ದಾಸ್ಯದಿಂದ ಬಿಡಿಸುವುದಕ್ಕಾಗಿ. ಅವಳೋ ವಸಂತಸೇನೆಯ ದಾಸಿಯೇ! ಕದ್ದ ಒಡವೆ ಒಡತಿಯ ಬಳಿಗೇ ಬಂದು ನಿಲ್ಲುತ್ತದೆ. ಆದರೆ ನಗೆ ಇಲ್ಲಿಗೆ ಮುಗಿಯುವುದಿಲ್ಲ. ಚಿನ್ನದ ಬಂಡಿ ಬೇಕೆಂದು ಅಳುವ ಚಾರುದತ್ತನ ಮಗನ ಮಣ್ಣಿನ ಬಂಡಿಯಲ್ಲಿ ವಸಂತಸೇನೆ ತುಂಬಿಕೊಟ್ಟ ಒಡವೆಗಳೇ ನ್ಯಾಯಸ್ಥಾನದಲ್ಲಿ ಮೈತ್ರೇಯನ ಬಳಿಯಿಂದ ಜಾರಿಬಿದ್ದು, ಚಾರುದತ್ತನ ಕೊರಳಿಗೆ ಉರುಳಾಗುವ ಸಾಕ್ಷ್ಯವಾಗುತ್ತವೆ. ನಗುತ್ತಿದ್ದ ಸಭೆ ಗಕ್ಕನೆ ಮೌನವಾಗುವುದು ಅಲ್ಲಿ. ಈ ಕಥೆ 1941ರಲ್ಲಿ ‘ವಸಂತಸೇನಾ’ ಎಂಬ ಕನ್ನಡ ಚಲಚ್ಚಿತ್ರವಾಯಿತು. 1984ರಲ್ಲಿ ಗಿರೀಶ ಕಾರ್ನಾಡರು ಇದನ್ನೇ ಹಿಂದಿಯಲ್ಲಿ ‘ಉತ್ಸವ್’ ಎಂದು ತೆರೆಗೆ ತಂದರು.

ಇನ್ನು ನಮ್ಮ ಮಲೆಗಳಿಗೆ ಬರೋಣ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಎರಡು ಬಗೆಯ ಬಯಲಾಟಗಳು ಬಂದು ಕೂಡುತ್ತವೆ. ಕಡೂರು, ತರೀಕೆರೆಗಳ ಬಯಲುಸೀಮೆಯ ಕಡೆ ಮೂಡಲಪಾಯ. ಘಟ್ಟದ ಅಂಚಿನ ಕಳಸ, ಮೂಡಿಗೆರೆ, ಶೃಂಗೇರಿಗಳ ಕಡೆ ಪಡುವಲಪಾಯ. ಕಳಸಕ್ಕೂ ಕಾರ್ಕಳಕ್ಕೂ ಭೈರರಸರ ಕಾಲದಿಂದಲೇ ಒಂದೇ ಆಳ್ವಿಕೆಯ ನಂಟು. ಚಾರ್ಮಾಡಿ ಘಟ್ಟವನ್ನು ಹತ್ತಿದರೆ ಕೊಟ್ಟಿಗೆಹಾರ, ಅಲ್ಲಿಂದ ಮೂಡಿಗೆರೆ. ಕರಾವಳಿಯ ಮೇಳಗಳ ತಿರುಗಾಟ ದೀಪಾವಳಿಯ ಬಳಿಕ ಮೊದಲಾಗಿ ಮೇ ತಿಂಗಳ ಪತ್ತನಾಜೆಗೆ ಮುಗಿಯುವುದು ವಾಡಿಕೆ. ಅರೇಬಿಕಾ ಕೊಯ್ಲೂ ರೊಬಸ್ಟಾ ಕೊಯ್ಲೂ ನಡೆಯುವುದು ಇದೇ ತಿಂಗಳುಗಳಲ್ಲಿ. ಗದ್ದೆಯ ಪೈರು ಮನೆಗೆ ಬಂದಿರುತ್ತದೆ, ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಬಟವಾಡೆಯ ಹಣ ನಾಲ್ಕು ಕೈಗಳಲ್ಲಿ ಓಡಾಡುತ್ತಿರುತ್ತದೆ. ಚೆಂಡೆಯ ಸದ್ದಿಗೆ ಇದಕ್ಕಿಂತ ತಕ್ಕ ಸಮಯ ಬೇರೊಂದಿಲ್ಲ.

ಒಡವೆಯ ಕಳವಿನ ಕಥೆಗಳಲ್ಲಿ ಈ ಆಟಗಳಿಗೆ ಅಚ್ಚುಮೆಚ್ಚಿನದು ಶಮಂತಕ ಮಣಿಯದು. ದಿನಕ್ಕೆ ಎಂಟು ಭಾರ ಚಿನ್ನವನ್ನು ಕೊಡುವ ಮಣಿ ಸತ್ರಾಜಿತನದು. ಅದನ್ನು ಧರಿಸಿ ಬೇಟೆಗೆ ಹೋದ ತಮ್ಮ ಪ್ರಸೇನನನ್ನು ಸಿಂಹ ಕೊಂದಿತು. ಸಿಂಹವನ್ನು ಜಾಂಬವಂತ ಕೊಂದ. ಮಣಿ ಅವನ ಮಗುವಿನ ಆಟಿಕೆಯಾಯಿತು. ದ್ವಾರಕೆಯಲ್ಲಿ ಮಾತ್ರ ಕದ್ದವನು ಕೃಷ್ಣನೆಂದು ಗುಸುಗುಸು. ಚೌತಿಯ ಚಂದ್ರನನ್ನು ಕಂಡು ಹೆದರಿದವರೆಲ್ಲ ಇಂದಿಗೂ ಕೇಳುವ ಕಥೆ ಇದು. ‘ಜಾಂಬವತಿ ಕಲ್ಯಾಣ’ ಪ್ರಸಂಗದಲ್ಲಿ ರಾಮಾವತಾರದ ಹಳೆಯ ನಂಟನ್ನು ಮರೆತು ಸ್ವಾಮಿಯ ಮೇಲೆಯೇ ತೋಳೇರಿಸುವ ಮುದಿ ಜಾಂಬವಂತನಲ್ಲಿ ನಗೆಯೂ ಉಂಟು, ಕರುಣೆಯೂ ಉಂಟು. ಇನ್ನು ನಮ್ಮ ಹಳ್ಳಿಗಳ ಶನಿಮಹಾತ್ಮೆಯಲ್ಲಿ ಗೋಡೆಯ ಮೇಲೆ ಬರೆದ ಚಿತ್ರದ ಹಂಸವೇ ಮುತ್ತಿನ ಹಾರವನ್ನು ನುಂಗಿಬಿಡುತ್ತದೆ. ಕಳ್ಳನೆನಿಸಿ ಕೈಕಾಲು ಕಳೆದುಕೊಳ್ಳುವವನು ಪರದೇಶಿಯಾಗಿ ಬಂದ ವಿಕ್ರಮರಾಜ. ಚಿತ್ರ ನುಂಗಿತೆಂದರೆ ನ್ಯಾಯಾಧಿಪತಿ ನಂಬುವನೆ?

ಮೂರು ಕಥೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಕದ್ದವನು ಒಬ್ಬ, ಅಥವಾ ಕದ್ದವರೇ ಇಲ್ಲ. ಅಪವಾದ ಹೊತ್ತವನು ಇನ್ನೊಬ್ಬ. ದೇವರೆನಿಸಿದ ಕೃಷ್ಣನನ್ನು ಬಿಟ್ಟರೆ ಉಳಿದಿಬ್ಬರೂ ಬಡವರು, ಇಲ್ಲವೆ ಊರಿಗೆ ಹೊಸಬರು. ಈ ಕಥೆಗಳನ್ನು ಊರಿಂದೂರಿಗೆ ಹೊತ್ತು ತಿರುಗಿದ ಕಲಾವಿದರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲೆಯುವವನನ್ನು ಕಂಡರೆ ಬಾಗಿಲ ಅಗುಳಿ ಹಾಕುವುದು ನೆಲೆನಿಂತವರ ಹಳೆಯ ಚಾಳಿ. ಬ್ರಿಟಿಷ್ ಸರ್ಕಾರ ಆ ಚಾಳಿಗೆ ಕಾನೂನಿನ ಮುದ್ರೆಯನ್ನೇ ಒತ್ತಿತು. 1871ರ ‘ಅಪರಾಧಿ ಬುಡಕಟ್ಟುಗಳ’ ಕಾಯಿದೆಯಿಂದ ಎಷ್ಟೋ ಅಲೆಮಾರಿ ಕುಲಗಳು ಹುಟ್ಟಿನಿಂದಲೇ ಕಳ್ಳರೆಂದು ದಫ್ತರದಲ್ಲಿ ದಾಖಲಾದವು. ಆಡಿ, ಹಾಡಿ, ಲಾಗ ಹಾಕಿ ಹೊಟ್ಟೆ ಹೊರೆಯುತ್ತಿದ್ದವರೂ ಅವುಗಳಲ್ಲಿದ್ದರು. ಆ ಕಾಯಿದೆ 1911ರಲ್ಲಿ ಮದರಾಸು ಪ್ರಾಂತಕ್ಕೂ ಹಬ್ಬಿತು. ಸ್ವಾತಂತ್ರ್ಯಾನಂತರ, 1952ರಲ್ಲಿ, ಈ ಕುಲಗಳು ಅದರಿಂದ ಬಿಡುಗಡೆ ಹೊಂದಿದವು. ರಂಗದ ಮೇಲೆ ಕಡೆಯ ಅಂಕದಲ್ಲಿ ಅಪವಾದ ತೊಳೆದುಹೋಗುತ್ತದೆ. ಹೊರಗೆ ಅದಕ್ಕೆ ಎಂಬತ್ತೊಂದು ವರ್ಷಗಳು ಬೇಕಾದವು.

ಅಷ್ಟಕ್ಕೂ ಆಟದವರ ಪೆಟ್ಟಿಗೆಯಲ್ಲಿ ಇದ್ದದ್ದೇನು? ಭುಜಕೀರ್ತಿ, ಎದೆಪದಕ, ತೋಳ್ಬಂದಿ, ಕರ್ಣಪತ್ರ, ಕಿರೀಟ. ಹೆಸರು ಕೇಳಿದರೆ ಅರಮನೆಯ ಭಂಡಾರವೇ ಕಣ್ಣಮುಂದೆ ನಿಲ್ಲುತ್ತದೆ. ಕೈಗೆತ್ತಿಕೊಂಡರೆ ಹಗುರವಾದ ಮರ. ಮೇಲೆ ಚಿನ್ನದ ಬಣ್ಣದ ಬೇಗಡೆ. ನಡುನಡುವೆ ಕನ್ನಡಿಯ ಚೂರು. ಬೆಳ್ಳಗಿರುವುದೆಲ್ಲ ಹಾಲಲ್ಲ. ಆದರೂ ದೀವಟಿಗೆಯ ಬೆಳಕಿನಲ್ಲಿ ಅದು ಮಿನುಗುವ ಪರಿಗೆ ಅಸಲು ಚಿನ್ನ ನಾಚಬೇಕು. ಚೌಕಿಯಲ್ಲಿ ಗಣಪತಿಯ ಪೂಜೆಯಾದ ಮೇಲೆ ಈ ಮರದ ತುಂಡುಗಳನ್ನು ಕಟ್ಟಿಕೊಂಡವನು ಬೆಳಗಿನ ತನಕ ಕೌರವೇಶ್ವರ; ಬಣ್ಣ ಒರೆಸಿದ ಮೇಲೆ ಮನೆಯ ಸಾಲವನ್ನು ನೆನೆಯುವ ಗೃಹಸ್ಥ. ಶಿವರಾಮ ಕಾರಂತರು 1957ರಲ್ಲಿ ಪ್ರಕಟಿಸಿದ ‘ಯಕ್ಷಗಾನ ಬಯಲಾಟ’ ಗ್ರಂಥದಲ್ಲಿ ಈ ಕಲೆಯ ಇತಿಹಾಸವನ್ನೂ ವೇಷಭೂಷಣವನ್ನೂ ಆಳವಾಗಿ ಪರಿಶೀಲಿಸಿದರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೂ ದೊರೆಯಿತು.

ಕಂಪನಿ ನಾಟಕಗಳ ಪಾಡೂ ಇದೇ. ಎ. ವಿ. ವರದಾಚಾರ್ಯರು ತಮ್ಮ ಮಂಡಲಿಗಿಟ್ಟ ಹೆಸರು ‘ರತ್ನಾವಳಿ’. ಹರ್ಷನ ನಾಟಕದಲ್ಲಿ ಹಡಗೊಡೆದು ಪಾರಾದ ರಾಜಕುಮಾರಿಯ ಗುರುತು ಹಿಡಿಸುವ ಹಾರದ ಹೆಸರದು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘದಲ್ಲಿ ಬಾಲಕನಾಗಿ ಸೇರಿ, ಮುಂದೆ ಅದರ ಒಡೆಯರಾದ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದವರು. ಅಂಥ ವೈಭವದ ಯಜಮಾನರನ್ನು ಜನ ಮೆಚ್ಚಿಕೊಂಡದ್ದು ರಾಜಪಾತ್ರಕ್ಕಿಂತ ಹೆಚ್ಚಾಗಿ ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ! ಬೆಳ್ಳಾವೆ ನರಹರಿಶಾಸ್ತ್ರಿಗಳ ಆ ನಾಟಕದಲ್ಲಿ ಎಲ್ಲರನ್ನೂ ಮೋಸಗೊಳಿಸಬಲ್ಲ ಕಳ್ಳ ಜಾಣೆಯಾದ ನಾಯಕಿಯ ಮಾತಿಗೆ ಮರುಳಾಗಿ ತಾನೇ ಬೇಸ್ತು ಬೀಳುತ್ತಾನೆ. 1935ರಲ್ಲಿ ಅದು ಚಲಚ್ಚಿತ್ರವೂ ಆಯಿತು. ವೀರಣ್ಣನವರ ಕಂಪನಿಯ ಹಾಗೂ ಮನೆಯ ಬೆಳಕಾಗಿದ್ದ ನಟಿ, ಗಾಯಕಿ ಬಿ. ಜಯಮ್ಮನವರು ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿದವರೆಂಬುದು ಈ ಸೀಮೆಗೆ ಹೆಮ್ಮೆಯ ಸಂಗತಿ. ವೀರಣ್ಣನವರು 1972ರಲ್ಲಿ ತೀರಿಕೊಂಡರು. ಮುಂದೆ ಮೊಮ್ಮಗಳು ಬಿ. ಜಯಶ್ರೀಯವರು ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದು, ತಾತನ ಕಳ್ಳನ ವೇಷವನ್ನು ತಾವೇ ತೊಟ್ಟರು. ಆ ಮನೆತನದಲ್ಲಿ ಕೈಯಿಂದ ಕೈಗೆ ಬಂದ ಒಡವೆಯೆಂದರೆ ಇದೇ ಅಲ್ಲವೆ?

ಕಂಪನಿಯ ಬದುಕಿನಲ್ಲಿ ಹಗಲುಗಳ್ಳರು ಬೇರೆಯೇ ಇದ್ದರು. ಮಳೆ ಬಂದರೆ ಆಟ ನಿಂತಿತು. ಬೆಳೆ ಕೆಟ್ಟರೆ ಟಿಕೆಟಿನ ಪೆಟ್ಟಿಗೆ ಬರಿದು. ಮುಂದೆ ಮೂಕಿಚಿತ್ರವೂ ಟಾಕಿಯೂ ಬಂದು ಪ್ರೇಕ್ಷಕರನ್ನೇ ಕದ್ದೊಯ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ನಾವು ಜಂಬಗಾರರಿಗೆ ಅನ್ವಯಿಸಿ ನಗುತ್ತೇವೆ. ನಟನ ಪಾಲಿಗೆ ಅದು ಜಂಬವಲ್ಲ, ಕಸುಬಿನ ಕಟ್ಟಳೆ. ಹಸಿದಿದ್ದರೂ ಅವನ ಜುಟ್ಟಿನಲ್ಲಿ ಮಲ್ಲಿಗೆ ಇರಲೇಬೇಕು, ಇಲ್ಲವಾದರೆ ಆಟವಿಲ್ಲ.

ಬಾನುಲಿ ಬಂದಾಗ ಒಂದು ವಿಚಿತ್ರ ನಡೆಯಿತು. ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಈ ಹೊಸ ರಂಗದಲ್ಲಿ ಕಿರೀಟವಿಲ್ಲ, ಬೇಗಡೆಯಿಲ್ಲ. ನಟನಿಗೆ ಉಳಿದದ್ದು ಕಂಠವೊಂದೇ. ವಸಂತಸೇನೆಯ ಒಡವೆಗಳು ಒಂದಿಷ್ಟು ಗಲಗಲ ಸದ್ದಾಗಿ ಕೇಳಿಸುತ್ತವೆ. ಉಳಿದುದನ್ನು ಕೇಳುಗರ ಮನಸ್ಸೇ ತಂದು ತೊಡಿಸುತ್ತದೆ. ಯಾವ ಶರ್ವಿಲಕನಿಗೂ ಕದಿಯಲಾಗದ ಒಡವೆ ಅದು. ಆದರೆ ಕಂಠವನ್ನು ಹೊತ್ತ ದೇಹಕ್ಕೂ ಅನ್ನ ಬೇಕು. ಊರ ಬಯಲಿನಲ್ಲಿ ಆಟವಿದ್ದಾಗ ಮನೆಮಂದಿಯೊಡನೆ ಹೋಗಿ ಕುಳಿತು, ಕಳ್ಳನ ಪಾತ್ರಕ್ಕೆ ಮನಸಾರೆ ನಕ್ಕು, ಹರಿವಾಣ ಬಂದಾಗ ಕೈಬಿಚ್ಚಿ ಕಾಣಿಕೆ ಹಾಕುವುದು ನಮ್ಮಿಂದಾಗುವ ಕೆಲಸ. ಧೂತಾದೇವಿಯ ರತ್ನಹಾರವನ್ನು ನಮ್ಮಿಂದ ಯಾರೂ ಬೇಡುತ್ತಿಲ್ಲ.