ತಿದ್ದುವ ಹಕ್ಕು, ಉಳಿಸುವ ಹೊಣೆ: ದತ್ತಾಂಶ ನಿರ್ವಹಣೆ ಎಂಬ ವೃತ್ತಿ ಬೆಳೆದ ಬಗೆ

ದತ್ತಾಂಶವನ್ನು ತೈಲಕ್ಕೆ ಹೋಲಿಸುವ ರೂಢಿ ಈಚಿನ ವರ್ಷಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಅದನ್ನು ಬಗೆದು ತೆಗೆಯುವುದು, ಸಂಸ್ಕರಿಸುವುದು, ಕೃತಕ ಬುದ್ಧಿಮತ್ತೆಗೆ ಉಣಿಸುವುದು ಇಷ್ಟೇ ಈ ಕ್ಷೇತ್ರವೆಂದು ಹೊಸ ಪೀಳಿಗೆಯ ಎಂಜಿನಿಯರುಗಳು ನಂಬುವಂತಾಗಿದೆ. ಆದರೆ ತೈಲ ನೆಲದೊಳಗೆ ಕೋಟ್ಯಂತರ ವರ್ಷ ಇದ್ದರೂ ಕೆಡುವುದಿಲ್ಲ. ಜಮೀನಿನ ದಾಖಲೆಯಾದರೋ ಖಾತೆದಾರ ತೀರಿಕೊಂಡ ಮರುದಿನವೇ ಹಳಸತೊಡಗುತ್ತದೆ. ಒಂದು ದಾಖಲೆಯನ್ನು ಯಾರು ಬರೆಯಬೇಕು, ಯಾರು ತಿದ್ದಬಹುದು, ತಿದ್ದಿದ್ದಕ್ಕೆ ಯಾರು ಹೊಣೆ, ಒಂದೇ ಸಂಗತಿ ಎರಡು ಕಡೆ ಎರಡು ಬಗೆಯಾಗಿ ಕಂಡರೆ ಯಾವುದು ಪ್ರಮಾಣ ಎಂಬುದನ್ನು ಗೊತ್ತುಮಾಡಿ, ದಿನದಿನವೂ ನಡೆಸಿಕೊಂಡು ಹೋಗುವ ಶಿಸ್ತಿಗೆ ದತ್ತಾಂಶ ನಿರ್ವಹಣೆ ಎಂದು ಹೆಸರು.

ಈ ಶಿಸ್ತು ಯಂತ್ರಕ್ಕಿಂತ ಹಳೆಯದು. ಶಾನುಭೋಗರ ಲೆಕ್ಕದ ಪುಸ್ತಕಗಳಲ್ಲಿಯೂ ಅದರ ಒಂದು ರೂಪವಿತ್ತು. ಅಮೆರಿಕದ 1890ರ ಜನಗಣತಿಯಲ್ಲಿ ಹಾಲರಿತ್ ಬಳಸಿದ ರಂಧ್ರಪಟ್ಟಿಗಳಿಂದ 1960ರ ದಶಕದಲ್ಲಿ ಚಾರ್ಲ್ಸ್ ಬಾಕ್‌ಮನ್ ಮತ್ತು ಐಬಿಎಂ ರೂಪಿಸಿದ ಮೊದಲ ದತ್ತಸಂಚಯಗಳವರೆಗಿನ ಕಾಲವನ್ನು ಸಂಗ್ರಹದ ಕಾಲವೆಂದು ಕರೆದು ಮುಂದೆ ಸಾಗಬಹುದು. ನಿಜವಾದ ತಿರುವು ಬಂದದ್ದು 1970ರಲ್ಲಿ, ಐಬಿಎಂನ ಗಣಿತಜ್ಞ ಎಡ್ಗರ್ ಕಾಡ್ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದಾಗ. ದತ್ತಾಂಶವನ್ನು ಸಾಲು ಮತ್ತು ಅಂಕಣಗಳ ಕೋಷ್ಟಕಗಳಾಗಿ ಕಾಣಬೇಕು, ಬೇಕಾದದ್ದನ್ನು ಕೇಳುವವನು ಅದು ಯಂತ್ರದೊಳಗೆ ಎಲ್ಲಿ ಹೇಗೆ ಕುಳಿತಿದೆಯೆಂದು ತಿಳಿಯಬೇಕಾಗಿಲ್ಲ ಎಂಬುದು ಆ ಮಾದರಿಯ ತಿರುಳು. ಒಂದು ಸಂಗತಿ ಒಂದೇ ಕಡೆ ದಾಖಲಾಗಬೇಕು ಎಂಬ ನಿಯಮ ಅದರ ಬೆನ್ನಿಗೇ ಬಂದಿತು. ಐವತ್ತು ವರ್ಷಗಳಲ್ಲಿ ಬಂದು ಹೋದ ಎಷ್ಟೋ ತಂತ್ರಗಳ ನಡುವೆ ಈ ನಿಯಮವನ್ನು ಮೀರಿಸಿದ್ದು ಇನ್ನೂ ಹುಟ್ಟಿಲ್ಲ.

ಭಾರತದಲ್ಲಿ ಈ ವೃತ್ತಿ ಇಡಿಪಿ ವಿಭಾಗ, ಎಂದರೆ ವಿದ್ಯುನ್ಮಾನ ದತ್ತಾಂಶ ಸಂಸ್ಕರಣಾ ವಿಭಾಗ, ಎಂಬ ಹೆಸರಿನಡಿ ಕಚೇರಿಗಳ ಒಂದು ಮೂಲೆಯಲ್ಲಿ ಶುರುವಾಯಿತು. 1976ರಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಎಂದರೆ ಎನ್‌ಐಸಿ, ಸ್ಥಾಪನೆಯಾದದ್ದು ಸರ್ಕಾರಿ ಕಡತಗಳಿಗೂ, 1984ರ ರಂಗರಾಜನ್ ಸಮಿತಿಯ ವರದಿ ಬ್ಯಾಂಕುಗಳ ಲೆಡ್ಜರುಗಳಿಗೂ ಹೊಸ ದಾರಿ ತೆರೆದವು. ಅಂದಿನ ಇಡಿಪಿ ಮ್ಯಾನೇಜರನ ಸ್ಥಾನ ಬಡ್ತಿಯ ಏಣಿಯಲ್ಲಿ ಬಹಳ ಕೆಳಗಿತ್ತು. ಪಗಾರದ ಪಟ್ಟಿ ತಿಂಗಳ ಕೊನೆಯ ದಿನ ತಪ್ಪಿಲ್ಲದೆ ಹೊರಬಂದರೆ ಅವನ ಹೆಸರು ಯಾರಿಗೂ ನೆನಪಾಗುತ್ತಿರಲಿಲ್ಲ. ಆದರೂ ಮುಂದಿನ ಎರಡು ದಶಕಗಳ ಮುಂದಾಳುಗಳಲ್ಲಿ ಅನೇಕರು ಬೆಳೆದದ್ದು ಆ ಮೂಲೆಯಲ್ಲಿಯೇ.

ಆ ಪೀಳಿಗೆಯ ಕೆಲಸದ ಮೌಲ್ಯವನ್ನು ಅರಿಯಬೇಕಾದರೆ ಕರ್ನಾಟಕದ ಭೂದಾಖಲೆಗಳ ಗಣಕೀಕರಣವನ್ನು ಹತ್ತಿರದಿಂದ ನೋಡಬೇಕು. ಕೇಂದ್ರದ ಅನುದಾನದಲ್ಲಿ ಗುಲ್ಬರ್ಗದಲ್ಲಿ 1991ರಲ್ಲಿ ಮೊದಲ ಪ್ರಯೋಗ ನಡೆಯಿತು. ಪಹಣಿಗಳನ್ನು, ಎಂದರೆ ಹಕ್ಕು, ಗೇಣಿ ಮತ್ತು ಬೆಳೆಯ ವಿವರವಿರುವ ಪತ್ರಗಳನ್ನು, ಗಣಕಕ್ಕೆ ಏರಿಸಲಾಯಿತು; ಆದರೆ ಏರಿಸಿದ ಮೇಲೆ ಆಗುವ ಹಕ್ಕು ಬದಲಾವಣೆಗಳನ್ನು ಅದರಲ್ಲಿ ಸೇರಿಸುತ್ತಾ ಹೋಗುವ ಏರ್ಪಾಡು ಇರಲಿಲ್ಲವಾದ್ದರಿಂದ, ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕ ಮುಂದೆ ಹೋಯಿತು, ಗಣಕದ ಪ್ರತಿ ಹಿಂದೆ ಉಳಿಯಿತು. ಅಲ್ಲಿ ಸೋತದ್ದು ಯಂತ್ರವಲ್ಲ, ದತ್ತಾಂಶ ನಿರ್ವಹಣೆ.

ಅದರ ಪಾಠವನ್ನು ಕಲಿತದ್ದು ಭೂಮಿ ಯೋಜನೆ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳ್ತನದಲ್ಲಿ, ಎನ್‌ಐಸಿ ಸಿದ್ಧಪಡಿಸಿದ ತಂತ್ರಾಂಶದೊಂದಿಗೆ, 2002ರ ಹೊತ್ತಿಗೆ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಬಂದವು. 15 ರೂಪಾಯಿಗೆ ಪಹಣಿ ಸಿಗುವ ಕಿಟಕಿಯನ್ನು ಕಂಡು ದೇಶವಿದೇಶಗಳ ವೀಕ್ಷಕರು ಮೆಚ್ಚಿದರು. ಮೆಚ್ಚಬೇಕಾದದ್ದು ಕಿಟಕಿಯ ಹಿಂದೆ ಇತ್ತು. ಗಣಕದ ಮುದ್ರಿತ ಪ್ರತಿಯನ್ನು ಗ್ರಾಮಲೆಕ್ಕಿಗರು ಮೂಲ ಪುಸ್ತಕದೊಂದಿಗೆ ತಾಳೆ ನೋಡಿ ಒಪ್ಪಬೇಕಿತ್ತು, ತಾಲ್ಲೂಕಿನ ದತ್ತಾಂಶ ಸಿದ್ಧವೆಂದು ತೀರ್ಮಾನವಾದ ಮೇಲೆ ಅಧಿಸೂಚನೆ ಹೊರಟು ಕೈಬರಹದ ಪಹಣಿಗೆ ಕಾನೂನಿನ ಬಲವೇ ಇಲ್ಲವಾಗುತ್ತಿತ್ತು, ಅಲ್ಲಿಂದ ಮುಂದೆ ಯಾವ ಬದಲಾವಣೆಯೂ ಗಣಕದ ಮೂಲಕವೇ ಆಗಬೇಕಾಗಿತ್ತು. ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ಕಟ್ಟು ತಂತ್ರಾಂಶದೊಳಗೇ ಇತ್ತು. ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿದ್ದುದರಿಂದ ಯಾರು ತಿದ್ದಿದರೆಂಬುದು ದಾಖಲೆಯೊಂದಿಗೇ ಉಳಿಯುತ್ತಿತ್ತು. ಹಳೆಯ ಪುಸ್ತಕವನ್ನು ಮುಚ್ಚುವ ಆ ಅಧಿಸೂಚನೆಯಲ್ಲಿ ಇರುವಷ್ಟು ಮಾಹಿತಿ ತಂತ್ರಜ್ಞಾನದ ನಾಯಕತ್ವ ಎಷ್ಟೋ ಕೋಟಿಗಳ ಯಂತ್ರ ಖರೀದಿಯಲ್ಲಿ ಇರುವುದಿಲ್ಲ.

ಭೂಮಿಯನ್ನು ಟೀಕಿಸಿದ ವಿದ್ವಾಂಸರು ಇದ್ದಾರೆ. ದಾಖಲೆ ತಾಲ್ಲೂಕಿಗೆ ಸರಿದದ್ದರಿಂದ ಹಳ್ಳಿಯ ಮಟ್ಟದ ಅನುಸಂಧಾನಗಳು ಸೊರಗಿದವು, ಬೆಂಗಳೂರಿನ ಸುತ್ತಲಿನ ಜಮೀನಿನ ಮೇಲೆ ಬಲಾಢ್ಯರ ಕಣ್ಣು ಬೀಳುವುದು ಸುಲಭವಾಯಿತು ಎಂಬ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ದಾಖಲೆಯನ್ನು ಯಾರು ತಿದ್ದಬೇಕೆಂದು ನಿಶ್ಚಯಿಸುವುದು ಅಧಿಕಾರವನ್ನು ಹಂಚುವ ಕೆಲಸವೇ ಆಗಿರುವುದರಿಂದ ಅದು ಈ ವೃತ್ತಿಯವರೆಲ್ಲ ಎದುರಿಸಬೇಕಾದ ಪ್ರಶ್ನೆ.

ಗಣಕಕ್ಕೆ ಏರಿದ ಮೇಲೆಯೂ ದಾಖಲೆ ತಾನಾಗಿ ಶುದ್ಧವಾಗಲಿಲ್ಲ. ಪಹಣಿಯ 9ನೆಯ ಅಂಕಣದಲ್ಲಿ ಖಾತೆದಾರನ ಹೆಸರು ‘ತಿಮ್ಮಯ್ಯ ಬಿನ್ ಕೆಂಪಯ್ಯ’ ಎಂದಿದ್ದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅವನೇ ‘ಕೆ. ತಿಮ್ಮಪ್ಪ’ನಾಗಿದ್ದರೆ, ಆಧಾರಿನಲ್ಲಿ ಇನ್ನೊಂದು ಕಾಗುಣಿತದಲ್ಲಿ ಕಾಣಿಸಿದರೆ, ಅವನು ಒಬ್ಬನೇ ಎಂದು ತಿಳಿಯುವ ಶಕ್ತಿ ಯಂತ್ರಕ್ಕಿಲ್ಲ. ಪಹಣಿಗಳಲ್ಲಿನ ವಿಸ್ತೀರ್ಣವನ್ನು ಕೂಡಿದಾಗ ಅದು ಸರ್ವೆ ಇಲಾಖೆಯ ಆಕಾರ್‌ಬಂದ್‌ಗೆ, ಎಂದರೆ ಸರ್ವೆ ನಂಬರಿನ ಅಳತೆಯ ಮೂಲ ದಾಖಲೆಗೆ, ಕೆಲವು ಗುಂಟೆಗಳಷ್ಟು ಹೊಂದದೆ ಹೋಗುವುದು ಕಂದಾಯ ಕಚೇರಿಗಳಲ್ಲಿ ನಿತ್ಯದ ಅನುಭವ. ಯೂನಿಕೋಡ್ ನೆಲೆಗೊಳ್ಳುವ ಮುನ್ನ ಒಂದೊಂದು ತಂತ್ರಾಂಶವೂ ಕನ್ನಡ ಅಕ್ಷರಗಳನ್ನು ತನ್ನದೇ ಸಂಕೇತಗಳಲ್ಲಿ ಕೂಡಿಡುತ್ತಿದ್ದುದರಿಂದ, ಒಂದರ ಹೆಸರು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಇಂಥ ತೊಡಕುಗಳನ್ನು ಸಾಲುಸಾಲಾಗಿ ಬಿಡಿಸುವ ಕೆಲಸಕ್ಕೆ ದತ್ತಾಂಶ ಶುದ್ಧೀಕರಣವೆಂದು ಹೆಸರು. ಈ ವೃತ್ತಿಯಲ್ಲಿ ಅತಿ ಹೆಚ್ಚು ಸಮಯ ಬೇಡುವುದೂ ಅತಿ ಕಡಿಮೆ ಮನ್ನಣೆ ಪಡೆಯುವುದೂ ಅದೇ.

ಖಾಸಗಿ ವಲಯ ಇದೇ ತಿಳಿವಿಗೆ ಬೇರೆ ದಾರಿಯಿಂದ ಬಂದಿತು. 1980ರ ದಶಕದಲ್ಲಿ ಮುಖ್ಯ ಮಾಹಿತಿ ಅಧಿಕಾರಿಯ ಹುದ್ದೆ ಹುಟ್ಟಿದರೂ ಅದು ಹೆಚ್ಚಾಗಿ ಯಂತ್ರ, ಜಾಲ ಮತ್ತು ವೆಚ್ಚದ ಉಸ್ತುವಾರಿಯಾಯಿತು. ಅಮೆರಿಕದ ಕ್ಯಾಪಿಟಲ್ ಒನ್ 2002ರಲ್ಲಿ ಸೃಷ್ಟಿಸಿದ ಮುಖ್ಯ ದತ್ತಾಂಶ ಅಧಿಕಾರಿಯ ಹುದ್ದೆಯನ್ನು ಆ ಬಗೆಯ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. 2008ರ ಆರ್ಥಿಕ ಕುಸಿತದಲ್ಲಿ ದೊಡ್ಡ ಬ್ಯಾಂಕುಗಳಿಗೆ ತಮ್ಮ ಒಟ್ಟು ಸಾಲದ ಅಪಾಯವೆಷ್ಟೆಂದು ಬೇಗ ಹೇಳಲಾಗಲಿಲ್ಲವಾದ್ದರಿಂದ, ಬ್ಯಾಂಕುಗಳ ಮೇಲ್ವಿಚಾರಣೆಗಾಗಿ ಇರುವ ಅಂತರರಾಷ್ಟ್ರೀಯ ಬಾಸೆಲ್ ಸಮಿತಿ 2013ರಲ್ಲಿ ದತ್ತಾಂಶದ ಒಟ್ಟುಗೂಡಿಕೆಗೆ ತತ್ವಗಳನ್ನು ವಿಧಿಸಿತು. ಕನ್ನಡ ನಾಡಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದಾಗ ಪತ್ರಿಕೆಗಳು ಫಲಕ ಬದಲಾದ ಬಗ್ಗೆ ಬರೆದವು; ಎರಡೂ ಕಡೆ ಖಾತೆಯಿದ್ದ ಒಬ್ಬ ಗ್ರಾಹಕನನ್ನು ಒಬ್ಬನೆಂದೇ ಗುರುತಿಸುವ ಕೆಲಸ ಸುದ್ದಿಯಾಗಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಪ್ಪನ್ನು ತಿದ್ದಿಸಿಕೊಳ್ಳುವ ಹಕ್ಕನ್ನು ಪ್ರಜೆಗೆ ಕೊಟ್ಟಿರುವುದರಿಂದ, ತಿದ್ದುವವರು ಯಾರೆಂಬ ಹಳೆಯ ಪ್ರಶ್ನೆ ಈಗ ಕಾನೂನಿನ ಪ್ರಶ್ನೆಯೂ ಆಗಿದೆ.

ಈ ಬೆಳವಣಿಗೆಯ ಬಗ್ಗೆ ಬಂದಿರುವ ಬರಹಗಳಲ್ಲಿ ತಂತ್ರಾಂಶ ಕಟ್ಟಿದವರ ಕತೆ ಹೇರಳವಾಗಿದೆ. ಭೂಮಿಯ ದಿನಗಳಲ್ಲಿ ತಾಲ್ಲೂಕು ಕಚೇರಿಯ ಇಕ್ಕಟ್ಟಾದ ಕೋಣೆಯಲ್ಲಿ ಕುಳಿತು ಮಸುಕಾದ ಕೈಬರಹವನ್ನು ಬೆರಳಚ್ಚಿಸಿದವರ, ಪಹಣಿಯ 11ನೆಯ ಅಂಕಣದ ತೀರಿದ ಸಾಲವೊಂದನ್ನು ತೆಗೆದುಹಾಕುವ ಮುನ್ನ ಬ್ಯಾಂಕಿನ ಪತ್ರಕ್ಕಾಗಿ ಕಾದ ಗ್ರಾಮಲೆಕ್ಕಿಗರ ಅನುಭವಗಳು ಆ ಬರಹಗಳಲ್ಲಿ ಬಹಳ ವಿರಳ. ಅವರಲ್ಲಿ ಹಲವರು ನಿವೃತ್ತರಾಗಿದ್ದಾರೆ. ಯಾವ ಹೋಬಳಿಯಲ್ಲಿ ಯಾವ ಬಗೆಯ ತಪ್ಪು ಹೆಚ್ಚು, ಅದು ಹಳೆಯ ಯಾವ ಪುಸ್ತಕದಿಂದ ಬಂದದ್ದು ಎಂಬ ಅರಿವು ಇನ್ನೂ ಅವರ ನೆನಪಿನಲ್ಲಿದೆ, ಯಾವ ಕೋಷ್ಟಕಕ್ಕೂ ಏರಿಲ್ಲ.