302 ನರಕೋಶಗಳ ಹುಳು ಮತ್ತು ಮಿದುಳಿನ ವೈರಿಂಗ್ ನಕ್ಷೆ

2024ರ ಅಕ್ಟೋಬರ್‌ನಲ್ಲಿ ಹಣ್ಣಿನ ನೊಣದ ಇಡೀ ಮಿದುಳಿನ ನಕ್ಷೆ ಸಿದ್ಧವಾಯಿತು ಅನ್ನೋ ಸುದ್ದಿ ಬಂದಾಗ ಆಫೀಸಿನ ಊಟದ ಟೇಬಲ್ಲಿನಲ್ಲಿ ಒಬ್ಬ ಗೆಳೆಯ ಘೋಷಿಸಿಬಿಟ್ಟ: "ಇನ್ನೇನು ಮಾರಾಯ, ಸರ್ಕ್ಯೂಟ್ ಸಿಕ್ಕಿತು. ಕಂಪ್ಯೂಟರಿಗೆ ಹಾಕಿ ರನ್ ಮಾಡೋದೊಂದೇ ಬಾಕಿ. ಮುಂದೆ ನಮ್ಮ ಮಿದುಳು."

ನನಗೆ ಈ ಮಾತು ಕೇಳಿದಾಗಲೆಲ್ಲ ಒಂದು ಹುಳು ನೆನಪಾಗುತ್ತದೆ. ಒಂದು ಮಿಲಿಮೀಟರ್ ಉದ್ದದ, ಗಾಜಿನಂತೆ ಪಾರದರ್ಶಕವಾದ ಹುಳು. ಅದರ ನರಮಂಡಲದ ನಕ್ಷೆ 1986ರಿಂದಲೂ ನಮ್ಮ ಕೈಯಲ್ಲಿದೆ. ನಾನು ಹುಟ್ಟೋಕ್ಕಿಂತ ಮುಂಚಿನಿಂದ! ಹಾಗಿದ್ದರೆ ಆ ಹುಳು ಇಷ್ಟು ಹೊತ್ತಿಗೆ ನಮಗೆ ಪೂರ್ತಿ ಅರ್ಥವಾಗಿರಬೇಕಿತ್ತಲ್ಲ? ಆಗಿಲ್ಲ. ಯಾಕೆ ಆಗಿಲ್ಲ ಅನ್ನೋದೇ ಒಂದು ಚರಿತ್ರೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಕತೆ ಶುರುವಾಗೋದು ಇಟಲಿಯ ಅಬ್ಬಿಯಾಟೆಗ್ರಾಸ್ಸೋ ಅನ್ನೋ ಊರಿನ ಒಂದು ಆಸ್ಪತ್ರೆಯಲ್ಲಿ. ಕಮಿಲ್ಲೋ ಗೊಲ್ಜಿ ಅಲ್ಲಿ ವೈದ್ಯ. ಪ್ರಯೋಗಾಲಯ ಅಂತ ಏನೂ ಇರಲಿಲ್ಲ, ಒಂದು ಅಡುಗೆಮನೆಯನ್ನೇ ಹಾಗೆ ಮಾಡಿಕೊಂಡಿದ್ದ. ಮಿದುಳಿನ ತುಣುಕನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ ಆಗಿನ ಕಾಲದಲ್ಲಿ ಕಾಣುತ್ತಿದ್ದದ್ದು ಒಂದು ಕಾಡು. ಯಾವ ಕೊಂಬೆ ಯಾವ ಮರದ್ದು ಅಂತ ಹೇಳೋ ಹಾಗೇ ಇಲ್ಲ. 1873ರಲ್ಲಿ ಗೊಲ್ಜಿ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಿಲ್ವರ್ ನೈಟ್ರೇಟ್ ಬಳಸಿ ಬಣ್ಣ ಹಿಡಿಸುವ ಉಪಾಯವೊಂದನ್ನು ಪ್ರಕಟಿಸಿದ. ಅದರ ಸೊಗಸು ಏನೆಂದರೆ ಅದು ಎಲ್ಲ ಕೋಶಗಳಿಗೂ ಬಣ್ಣ ಹಿಡಿಸುವುದಿಲ್ಲ. ಎಲ್ಲೋ ನೂರರಲ್ಲಿ ಕೆಲವೇ ಕೋಶಗಳು ಬೇರಿನಿಂದ ಚಿಗುರಿನವರೆಗೆ ಕಪ್ಪಾಗಿ ಎದ್ದು ನಿಲ್ಲುತ್ತವೆ, ಉಳಿದ ಕಾಡೆಲ್ಲ ಮಾಯ.

ಸ್ಪೇನಿನ ಸಾಂತಿಯಾಗೋ ರಮೋನ್ ಇ ಕಹಾಲ್ ಈ ಕಪ್ಪು ಮರಗಳನ್ನು ನೋಡಿದ್ದು 1887ರಲ್ಲಿ, ಮ್ಯಾಡ್ರಿಡ್‌ನಲ್ಲಿ. ಇವನಿಗೆ ಚಿಕ್ಕಂದಿನಿಂದ ಚಿತ್ರಕಾರನಾಗುವ ಹುಚ್ಚು. ವೈದ್ಯನಾಗಿದ್ದ ಅಪ್ಪನಿಗೆ ಅದು ಸುತಾರಾಂ ಹಿಡಿಸದು. ಹುಡುಗ ದಾರಿಗೆ ಬರಲಿ ಅಂತ ಕ್ಷೌರದಂಗಡಿಗೊಮ್ಮೆ, ಬೂಟು ಹೊಲಿಯುವವನ ಬಳಿಗೊಮ್ಮೆ ಕೆಲಸಕ್ಕೆ ಅಟ್ಟಿದ್ದ. (ಎಂಜಿನಿಯರಿಂಗೇ ಓದಬೇಕು ಅಂದ ನಮ್ಮ ಅಪ್ಪಂದಿರು ಎಷ್ಟೋ ವಾಸಿ.) ಕೊನೆಗೆ ಆ ಚಿತ್ರದ ಹುಚ್ಚೇ ಕೆಲಸಕ್ಕೆ ಬಂತು. ಗೊಲ್ಜಿಯ ಬಣ್ಣವನ್ನು ಇನ್ನಷ್ಟು ಸುಧಾರಿಸಿ, ಹಕ್ಕಿಮರಿಗಳ ಮಿದುಳಿನಿಂದ ಹಿಡಿದು ಸಿಕ್ಕ ಸಿಕ್ಕ ಪ್ರಾಣಿಗಳದ್ದನ್ನೆಲ್ಲ ನೋಡಿ ಬರೆದ. ಅವನಿಗೆ ಕಂಡ ಸತ್ಯ ಇಷ್ಟು: ಮಿದುಳು ಒಂದಕ್ಕೊಂದು ಬೆಸೆದ ಬಲೆ ಅಲ್ಲ. ಪ್ರತಿ ನರಕೋಶವೂ ಬೇರೆ ಬೇರೆ, ಒಂದರ ತುದಿ ಇನ್ನೊಂದರ ಹತ್ತಿರ ಬಂದು ನಿಲ್ಲುತ್ತದೆ, ಕೂಡಿಕೊಳ್ಳುವುದಿಲ್ಲ. ಸಂಕೇತ ಹರಿಯುವುದಕ್ಕೆ ಒಂದು ದಿಕ್ಕಿದೆ. ಅವನ ಚಿತ್ರಗಳಲ್ಲಿ ಪುಟ್ಟ ಪುಟ್ಟ ಬಾಣದ ಗುರುತುಗಳು! ಸರ್ಕ್ಯೂಟ್ ಡಯಾಗ್ರಮ್ ಅನ್ನೋ ಕಲ್ಪನೆ ಮಿದುಳಿಗೆ ಬಂದದ್ದು ಅಲ್ಲಿಂದ.

ಗೊಲ್ಜಿ ಇದನ್ನು ಒಪ್ಪಲೇ ಇಲ್ಲ. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಕೊಟ್ಟರು. ಸ್ಟಾಕ್‌ಹೋಮ್‌ನಲ್ಲಿ ಗೊಲ್ಜಿ ತನ್ನ ನೊಬೆಲ್ ಭಾಷಣವನ್ನು ನ್ಯೂರಾನ್ ಸಿದ್ಧಾಂತದ ಖಂಡನೆಗೇ ಮೀಸಲಿಟ್ಟ, ಬಹುಮಾನ ಹಂಚಿಕೊಂಡವನು ಎದುರಿಗೇ ಇರುವಾಗ. ಮರುದಿನ ಕಹಾಲ್ ತನ್ನ ಭಾಷಣದಲ್ಲಿ ಅದನ್ನೇ ಸಮರ್ಥಿಸಿದ. ಬೇರೆಯವನು ಕಂಡುಹಿಡಿದ ಬಣ್ಣದಿಂದಲೇ ಆ ಬೇರೆಯವನ ಸಿದ್ಧಾಂತವನ್ನು ಉರುಳಿಸುವುದು... ಎಂಥ ನಾಟಕ ನೋಡಿ. 1950ರ ದಶಕದಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದು ಎರಡು ಕೋಶಗಳ ನಡುವಿನ ಸಂದಿಯನ್ನು ಕಣ್ಣಾರೆ ತೋರಿಸಿದಾಗ ಈ ಜಗಳ ಬಹುಮಟ್ಟಿಗೆ ಮುಗಿಯಿತು. ಅಷ್ಟರಲ್ಲಿ ಇಬ್ಬರೂ ತೀರಿಕೊಂಡಿದ್ದರು.

ಈಗ ಹುಳುವಿಗೆ ಬರೋಣ.

ಸಿಡ್ನಿ ಬ್ರೆನ್ನರ್ ದಕ್ಷಿಣ ಆಫ್ರಿಕಾದವನು, ಅಪ್ಪನದ್ದು ಬೂಟು ರಿಪೇರಿ ಕೆಲಸ. (ಈ ಕತೆಯಲ್ಲಿ ಬೂಟು ಹೊಲಿಯುವವರು ಯಾಕೆ ಇಷ್ಟು ಬರುತ್ತಾರೋ!) 1963ರಲ್ಲಿ ಕೇಂಬ್ರಿಡ್ಜಿನಲ್ಲಿದ್ದಾಗ ಮ್ಯಾಕ್ಸ್ ಪೆರುಟ್ಜ್‌ಗೆ ಬರೆದ ಪತ್ರದಲ್ಲಿ ಅವನ ವಾದ ಹೀಗಿತ್ತು: ಅಣುಜೀವಶಾಸ್ತ್ರದ ಹಳೆಯ ಪ್ರಶ್ನೆಗಳು ಮುಗಿಯುತ್ತ ಬಂದಿವೆ, ಇನ್ನು ಮುಂದಿನದು ಜೀವಿಯ ಬೆಳವಣಿಗೆ ಮತ್ತು ನರಮಂಡಲ. ಅದಕ್ಕೆ ಸರಳವಾದ ಒಂದು ಪ್ರಾಣಿ ಬೇಕು. ಕೊನೆಗೆ ಅವನು ಆರಿಸಿಕೊಂಡದ್ದು ಸೀ. ಎಲೆಗಾನ್ಸ್ ಅನ್ನೋ ದುಂಡುಹುಳು. ಬ್ಯಾಕ್ಟೀರಿಯಾ ತಿಂದುಕೊಂಡು ತಟ್ಟೆಯಲ್ಲಿ ಬೆಳೆಯುತ್ತದೆ, ಮೂರು ನಾಲ್ಕು ದಿನಕ್ಕೆ ಒಂದು ತಲೆಮಾರು. ಎಲ್ಲಕ್ಕಿಂತ ಮುಖ್ಯವಾಗಿ, ಬೆಳೆದ ದ್ವಿಲಿಂಗಿ ಹುಳುವಿಗೆ ಇರುವುದು ಸರಿಯಾಗಿ 302 ನರಕೋಶ. ನಮ್ಮ ತಲೆಯಲ್ಲಿರುವುದು ಸುಮಾರು 8,600 ಕೋಟಿ.

ಕೆಲಸ ಹೇಗೆ ನಡೆಯಿತು ಅನ್ನೋದು ನನಗೆ ತುಂಬ ಇಷ್ಟವಾದ ಭಾಗ. ನಿಕೋಲ್ ಥಾಮ್ಸನ್ ಹುಳುವನ್ನು ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲೊಂದು ಭಾಗದಷ್ಟು ತೆಳುವಾಗಿ ಹೆಚ್ಚುತ್ತಿದ್ದ, ಒಂದು ಹೋಳೂ ಕಳೆಯದ ಹಾಗೆ, ವರಸೆ ತಪ್ಪದ ಹಾಗೆ. ಆ ಹೋಳುಗಳ ಸಾವಿರಾರು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಫೋಟೋಗಳು. ಪ್ರತಿ ಫೋಟೋದಲ್ಲೂ ಒಂದೊಂದು ನರತಂತು ಒಂದು ಚುಕ್ಕೆ. ಹಿಂದಿನ ಫೋಟೋದ ಈ ಚುಕ್ಕೆ ಮುಂದಿನ ಫೋಟೋದಲ್ಲಿ ಯಾವುದು ಅಂತ ಪೆನ್ನು ಹಿಡಿದು ಗುರುತು ಮಾಡುತ್ತ ಹೋಗಬೇಕು. ಎಲೀನ್ ಸೌತ್‌ಗೇಟ್ ಅನ್ನೋ ಟೆಕ್ನಿಷಿಯನ್ ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಇದು. ಜಾನ್ ವೈಟ್ ಬಂದದ್ದು ಇದನ್ನು ಕಂಪ್ಯೂಟರಿನಲ್ಲಿ ಮಾಡಿಸಲಿಕ್ಕೆ. ಮಾಡ್ಯುಲರ್ ಒನ್ ಅನ್ನೋ ಯಂತ್ರ ಇತ್ತು. ಆದರೆ ಆ ಕಾಲದ ಯಂತ್ರಕ್ಕೆ ಈ ಕೆಲಸದ ಭಾರ ತಡೆಯಲಿಲ್ಲ, ಕೊನೆಗೆ ಕಾಗದ, ಪೆನ್ನು, ಕಣ್ಣೇ ಗತಿ. ಆಟೊಮೇಷನ್ ಮಾಡುತ್ತೇವೆ ಅಂತ ಹೊರಟು ಕೈಯಲ್ಲೇ ಮಾಡಿ ಮುಗಿಸಿದ ಪ್ರಾಜೆಕ್ಟುಗಳನ್ನು ನೀವೂ ಕಂಡಿರುತ್ತೀರಿ :-)

1986ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 340 ಪುಟಗಳ ಪ್ರಬಂಧ ಬಂತು. ಸುಮಾರು 5,000 ರಾಸಾಯನಿಕ ಸಿನಾಪ್ಸ್‌ಗಳು, ಸ್ನಾಯುಗಳಿಗೆ ಸುಮಾರು 2,000 ಜೋಡಣೆಗಳು, 600ರಷ್ಟು ನೇರ ವಿದ್ಯುತ್ ಜೋಡಣೆಗಳು. ಪುಟಗಳ ಮೇಲ್ತುದಿಯ ಚಿಕ್ಕ ಶೀರ್ಷಿಕೆ ಏನು ಗೊತ್ತೇ? 'ಹುಳುವಿನ ಮನಸ್ಸು' ಅಂತ. ಅರ್ಧ ತಮಾಷೆ, ಅರ್ಧ ಆಸೆ ಅಂತ ನನ್ನ ಊಹೆ.

ನಕ್ಷೆಯಿಂದ ಉಪಯೋಗವೇ ಆಗಲಿಲ್ಲವೇ? ಖಂಡಿತ ಆಯಿತು. ಹುಳುವಿನ ತಲೆಯ ಕಡೆ ಕೂದಲೆಳೆಯಿಂದ ಸವರಿದರೆ ಅದು ಹಿಂದಕ್ಕೆ ಸರಿಯುತ್ತದೆ, ಬಾಲದ ಕಡೆ ಸವರಿದರೆ ಮುಂದಕ್ಕೆ. ಇದರ ಹಿಂದಿನ ಸರ್ಕ್ಯೂಟನ್ನು ಮಾರ್ಟಿನ್ ಚಾಲ್ಫಿ ಮತ್ತು ಸಂಗಡಿಗರು 1985ರಲ್ಲೇ ಬಿಡಿಸಿಟ್ಟರು. ಆದರೆ ಹೇಗೆ ಅನ್ನೋದನ್ನು ಗಮನಿಸಿ. ನಕ್ಷೆ ನೋಡಿ ಸಂಶಯ ಬಂದ ನರಕೋಶವನ್ನು ಲೇಸರಿನಿಂದ ಸುಟ್ಟು, ಆಮೇಲೆ ಹುಳುವನ್ನು ಮತ್ತೆ ಸವರಿ ನೋಡಿದರು. ಅದೂ ಅಲ್ಲದೆ, ಯಾವ ವರ್ತನೆಯನ್ನು ವಿವರಿಸಬೇಕು ಅಂತ ಅವರಿಗೆ ಮೊದಲೇ ಗೊತ್ತಿತ್ತು. ನಕ್ಷೆ ಉತ್ತರ ಹೇಳಲಿಲ್ಲ, ಯಾವ ಪ್ರಶ್ನೆಯನ್ನು ಎಲ್ಲಿ ಕೇಳಬೇಕು ಅಂತ ಹೇಳಿತು.

ನಕ್ಷೆ ಯಾಕೆ ಸಾಲದು ಅನ್ನೋದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಏಡಿ. ಏಡಿ ಮತ್ತು ಲಾಬ್‌ಸ್ಟರ್‌ಗಳ ಹೊಟ್ಟೆಯ ಬಳಿ ಸುಮಾರು 30 ನರಕೋಶಗಳ ಒಂದು ಗಂಟು ಇದೆ, ತಿಂದದ್ದನ್ನು ಅರೆಯುವ, ಸೋಸುವ ಲಯ ಹುಟ್ಟುವುದು ಅಲ್ಲಿ. ಅಮೆರಿಕಾದ ಬ್ರಾಂಡೈಸ್ ವಿಶ್ವವಿದ್ಯಾಲಯದ ಈವ್ ಮಾರ್ಡರ್ ಇಡೀ ವೃತ್ತಿಜೀವನವನ್ನು ಈ ಗಂಟಿಗೆ ಕೊಟ್ಟವರು. ವೈರಿಂಗ್ ಗೊತ್ತಿದೆ. ಆದರೆ ಸುತ್ತಲಿನ ದ್ರವಕ್ಕೆ ಒಂದು ರಾಸಾಯನಿಕ ಸೇರಿಸಿದರೆ ಒಂದು ಲಯ, ಇನ್ನೊಂದು ಸೇರಿಸಿದರೆ ಬೇರೆಯೇ ಲಯ. ಅದೇ ತಂತಿ, ಅದೇ ಕೋಶ! 2004ರಲ್ಲಿ ಅವರ ತಂಡ ಇನ್ನೂ ತಲೆ ತಿರುಗಿಸುವ ಸಂಗತಿ ತೋರಿಸಿತು. ಕಂಪ್ಯೂಟರ್ ಮಾದರಿಯಲ್ಲಿ ಜೋಡಣೆಗಳ ಬಲಾಬಲಗಳನ್ನು ಬೇರೆ ಬೇರೆಯಾಗಿ ಇಟ್ಟರೂ ಒಂದೇ ಲಯ ಬರುತ್ತದೆ. ಅಂದರೆ ಒಂದು ನಕ್ಷೆಗೆ ಹಲವು ವರ್ತನೆ, ಒಂದು ವರ್ತನೆಗೆ ಹಲವು ಸೆಟ್ಟಿಂಗು.

ಇಲ್ಲಿ ನಮ್ಮ ಜಾತಿಯವರಿಗೆ, ಅಂದರೆ ಕೋಡ್ ಬರೆಯುವವರಿಗೆ, ಒಂದು ಸ್ವಾರಸ್ಯದ ಪ್ರಸಂಗ. 2017ರಲ್ಲಿ ಎರಿಕ್ ಜೋನಾಸ್ ಮತ್ತು ಕಾನ್ರಾಡ್ ಕಾರ್ಡಿಂಗ್ ಅನ್ನೋ ಇಬ್ಬರು ಒಂದು ಕೀಟಲೆ ಪ್ರಬಂಧ ಬರೆದರು. ಮಿದುಳಿನ ಬದಲು 6502 ಅನ್ನೋ ಹಳೆಯ ಮೈಕ್ರೋಪ್ರೊಸೆಸರನ್ನು ತೆಗೆದುಕೊಂಡರು. 1975ರ ಚಿಪ್, 3,510 ಟ್ರಾನ್ಸಿಸ್ಟರ್. (ಟೀವಿಗೆ ಸಿಕ್ಕಿಸಿ ಕ್ಯಾಸೆಟ್ ಹಾಕಿ ಮಾರಿಯೋ ಆಡಿದವರೆಲ್ಲ ಈ ಚಿಪ್ಪಿನ ಬಂಧುಗಳನ್ನು ಬಲ್ಲಿರಿ.) ಇದರ ಪ್ರತಿ ತಂತಿಯೂ ಗೊತ್ತು. ಸಿಮ್ಯುಲೇಟರಿನಲ್ಲಿ ಅದರ ಮೇಲೆ ಡಾಂಕಿ ಕಾಂಗ್, ಸ್ಪೇಸ್ ಇನ್‌ವೇಡರ್ಸ್, ಪಿಟ್‌ಫಾಲ್ ಅನ್ನೋ ಮೂರು ಆಟ ಓಡಿಸಿ, ನರವಿಜ್ಞಾನಿಗಳು ಮಿದುಳಿನ ಮೇಲೆ ಮಾಡುವ ಪರೀಕ್ಷೆಗಳನ್ನೆಲ್ಲ ಇದರ ಮೇಲೆ ಮಾಡಿದರು. ಒಂದೊಂದೇ ಟ್ರಾನ್ಸಿಸ್ಟರ್ ಕೆಡಿಸಿ ನೋಡಿದರು. ಕೆಲವನ್ನು ಕೆಡಿಸಿದರೆ ಡಾಂಕಿ ಕಾಂಗ್ ಮಾತ್ರ ನಿಂತುಹೋಯಿತು, ಉಳಿದೆರಡು ಸರಿ. ಹಾಗಾದರೆ ಅವು 'ಡಾಂಕಿ ಕಾಂಗ್ ಟ್ರಾನ್ಸಿಸ್ಟರ್'ಗಳೇ? ಚಿಪ್ ಗೊತ್ತಿದ್ದವರಿಗೆ ನಗು ಬರುತ್ತದೆ. ಆದರೆ ಪತ್ರಿಕೆಗಳಲ್ಲಿ 'ಕೋಪದ ಕೇಂದ್ರ ಪತ್ತೆ', 'ದೇವರ ಭಾವನೆಯ ಜಾಗ ಪತ್ತೆ' ಅಂತ ಬಂದಾಗ ನಾವು ನಗುವುದಿಲ್ಲ!

ಪೂರ್ತಿ ಸರ್ಕ್ಯೂಟ್ ಕೈಯಲ್ಲಿದ್ದು, ಎಲ್ಲ ಸಿಗ್ನಲ್ ಅಳೆದರೂ, ಚಿಪ್ ಹೇಗೆ ಕೆಲಸ ಮಾಡುತ್ತದೆ ಅನ್ನೋದು ಆ ಪರೀಕ್ಷೆಗಳಿಂದ ಹೊರಬರಲಿಲ್ಲ. ದಾಖಲೆ ಇಲ್ಲದ ಹತ್ತು ವರ್ಷ ಹಳೆಯ ಕೋಡನ್ನು ಮೇಂಟೇನ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋರ್ಸ್ ಅಷ್ಟೂ ಎದುರಿಗಿರುತ್ತದೆ, ಒಂದು ಲೈನೂ ಮುಚ್ಚಿಟ್ಟಿರುವುದಿಲ್ಲ. ಆದರೂ 'ಇದು ಯಾಕೆ ಹೀಗೆ ಮಾಡುತ್ತಿದೆ?' ಅನ್ನೋದಕ್ಕೆ ರನ್ ಮಾಡಿ, ಲಾಗ್ ನೋಡಿ, ಬೇಕೆಂದೇ ಮುರಿದು, ಮತ್ತೆ ರನ್ ಮಾಡಿಯೇ ತಿಳಿಯಬೇಕು.

ಈ ಪಾಠ ಕಲಿಯದೆ ದುಡ್ಡು ಸುರಿದ ಉದಾಹರಣೆಯೂ ಇದೆ. ಹತ್ತು ವರ್ಷದಲ್ಲಿ ಮನುಷ್ಯನ ಮಿದುಳನ್ನೇ ಕಂಪ್ಯೂಟರಿನಲ್ಲಿ ಕಟ್ಟಬಹುದು ಅಂತ ಹೆನ್ರಿ ಮಾರ್ಕ್ರಾಮ್ 2009ರಲ್ಲಿ ಹೇಳಿದ. 2013ರಲ್ಲಿ ಯುರೋಪಿನಲ್ಲಿ ನೂರು ಕೋಟಿ ಯೂರೋ ಲೆಕ್ಕದ ಹ್ಯೂಮನ್ ಬ್ರೇನ್ ಪ್ರಾಜೆಕ್ಟ್ ಶುರುವಾಯಿತು. ಮರುವರ್ಷವೇ ನೂರಾರು ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ತಗಾದೆ ತೆಗೆದರು. 2023ರಲ್ಲಿ ಯೋಜನೆ ಮುಗಿಯಿತು. ಒಳ್ಳೆಯ ಭೂಪಟಗಳು, ಉಪಕರಣಗಳು ಹುಟ್ಟಿದವು, ಮಾತು ಕೊಟ್ಟಿದ್ದ ಮಿದುಳು ಮಾತ್ರ ಹುಟ್ಟಲಿಲ್ಲ.

ಇನ್ನು ಗೆಳೆಯನ ನೊಣ. 2024ರ ನಕ್ಷೆಯಲ್ಲಿ 1,39,255 ನರಕೋಶಗಳಿವೆ, ಸುಮಾರು ಐದು ಕೋಟಿ ಸಿನಾಪ್ಸ್‌ಗಳು. ಈ ಸಲ ಚುಕ್ಕೆಗಳನ್ನು ಹಿಂಬಾಲಿಸಿದ್ದು ಸಾಫ್ಟ್‌ವೇರ್. ಅದು ಮಾಡಿದ ತಪ್ಪುಗಳನ್ನು ವಿಜ್ಞಾನಿಗಳು ಮತ್ತು ಸ್ವಯಂಸೇವಕರು ಜಗತ್ತಿನ ಮೂಲೆ ಮೂಲೆಯಿಂದ ತಿದ್ದಿದರು. ಆ ತಿದ್ದುವ ಕೆಲಸವೇ ಒಬ್ಬರು ಮಾಡಿದ್ದರೆ 33 ವರ್ಷ ಹಿಡಿಯುತ್ತಿತ್ತಂತೆ. ನ್ಯಾಯವಾಗಿ ಹೇಳಬೇಕೆಂದರೆ ಗೆಳೆಯನ ಮಾತಿನಲ್ಲೂ ಹುರುಳಿದೆ. ಫಿಲಿಪ್ ಶಿಯು ಮತ್ತು ಸಂಗಡಿಗರು ಇದೇ ನಕ್ಷೆಯನ್ನು ತೀರ ಸರಳ ನರಕೋಶಗಳ ಮಾದರಿಯಾಗಿ ಓಡಿಸಿದಾಗ, ಸಕ್ಕರೆಯ ರುಚಿ ತಿಳಿಯುವ ಕೋಶಗಳನ್ನು ಎಬ್ಬಿಸಿದರೆ ಸೊಂಡಿಲು ಚಾಚುವ ಕೋಶ ಎಚ್ಚರಗೊಂಡಿತು. ಮಾದರಿ ಹೇಳಿದ ಅನೇಕ ಸಂಗತಿಗಳು ನಿಜವಾದ ನೊಣದಲ್ಲೂ ಸರಿ ಬಂದವು.

ಆದರೆ ಬೆಂಗಳೂರಿಗೆ ನಂಟಿರುವ ಒಂದು ಹಳೆಯ ಪ್ರಯೋಗ ನೋಡಿ. ಓಬೈದ್ ಸಿದ್ದಿಕಿ ಗೊತ್ತಲ್ಲ, ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಕಟ್ಟಿದವರು, 2013ರಲ್ಲಿ ತೀರಿಕೊಂಡರು. 1976ರಲ್ಲಿ ಅವರೂ ಸೀಮೋರ್ ಬೆಂಜರ್ ಕೂಡಿ ವಿಚಿತ್ರ ನೊಣಗಳ ಬಗ್ಗೆ ಪ್ರಕಟಿಸಿದರು. ಸುಮಾರು 29 ಡಿಗ್ರಿಗೆ ಬಿಸಿ ಮಾಡಿದರೆ ಇವು ಪಾರ್ಶ್ವವಾಯು ಹೊಡೆದಂತೆ ಬಿದ್ದುಬಿಡುತ್ತವೆ, ತಣ್ಣಗಾದರೆ ಎದ್ದು ಓಡಾಡುತ್ತವೆ. ಅವುಗಳಲ್ಲಿ ಒಂದು ಬಗೆಯಲ್ಲಿ ಕೆಟ್ಟಿದ್ದದ್ದು ನರತಂತುವಿನ ಉದ್ದಕ್ಕೂ ಸಂಕೇತ ಹರಿಸುವ ಸೋಡಿಯಂ ಚಾನೆಲ್‌ನ ಜೀನ್ ಅಂತ ಮುಂದೆ ತಿಳಿಯಿತು. ಬಿದ್ದ ನೊಣದಲ್ಲೂ ಎದ್ದ ನೊಣದಲ್ಲೂ ಇರುವುದು ಒಂದೇ ವೈರಿಂಗ್.

ನಮ್ಮ ಹುಳುವಿನ ಕತೆಯೂ ಮುಂದುವರಿದಿದೆ. 2023ರಲ್ಲಿ ಪ್ರಿನ್ಸ್‌ಟನ್‌ನ ಫ್ರಾನ್ಸೆಸ್ಕೊ ರಾಂಡಿ, ಆಂಡ್ರ್ಯೂ ಲೈಫರ್ ಮತ್ತು ಸಂಗಡಿಗರು ಒಂದೊಂದೇ ನರಕೋಶವನ್ನು ಬೆಳಕಿನಿಂದ ಎಬ್ಬಿಸಿ, ಉಳಿದವುಗಳಲ್ಲಿ ಯಾವುದು ಸ್ಪಂದಿಸುತ್ತದೆ ಅಂತ ಅಳೆದರು. 23,433 ಜೋಡಿಗಳು. ಬಂದ ಚಿತ್ರ 1986ರ ನಕ್ಷೆಯಿಂದ ಊಹಿಸಿದಂತೆ ಇರಲಿಲ್ಲ. ನಡುವೆ ತಂತಿಯೇ ಇಲ್ಲದ ಕೆಲವು ಕೋಶಗಳು ಸಣ್ಣ ಪ್ರೋಟೀನು ತುಣುಕುಗಳನ್ನು ಸುತ್ತಲಿಗೆ ಬಿಟ್ಟು ಮಾತಾಡಿಕೊಳ್ಳುತ್ತಿದ್ದವು. ವೈರಿಂಗ್ ಜೊತೆಗೆ ವೈರ್‌ಲೆಸ್ ಕೂಡ!

ಈಗ ದೊಡ್ಡ ನಕ್ಷೆಗಳನ್ನು ಮಾಡುವವರೂ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಒಂದು ಘನ ಮಿಲಿಮೀಟರ್ ಮಿದುಳಿನ ಪೂರ್ತಿ ವೈರಿಂಗ್, ಜೊತೆಗೆ ಅದರ ಎಲ್ಲ ಕೋಶಗಳ ಚಟುವಟಿಕೆ, ಇಂಥದ್ದನ್ನು ಕೇಳುವುದು ಅಸಾಧ್ಯವನ್ನು ಕೇಳಿದಂತೆ ಅಂತ ಫ್ರಾನ್ಸಿಸ್ ಕ್ರಿಕ್ 1979ರಲ್ಲಿ ಬರೆದಿದ್ದ. 2025ರ ಏಪ್ರಿಲ್‌ನಲ್ಲಿ ಹೆಚ್ಚುಕಡಿಮೆ ಅದೇ ಪ್ರಕಟವಾಯಿತು. ಒಂದು ಇಲಿಯ ದೃಷ್ಟಿ ಭಾಗದ ಸುಮಾರು ಒಂದು ಘನ ಮಿಲಿಮೀಟರ್, 52 ಕೋಟಿಗೂ ಮಿಕ್ಕಿ ಸಿನಾಪ್ಸ್‌ಗಳು. ಹೋಳು ಮಾಡುವ ಕೆಲಸಕ್ಕೆ ಅಮೆರಿಕಾದ ಆಲೆನ್ ಸಂಸ್ಥೆಯಲ್ಲಿ ಹನ್ನೆರಡು ದಿನ ಹಗಲೂ ರಾತ್ರಿ ಶಿಫ್ಟಿನಲ್ಲಿ ಕೂತರಂತೆ. ಆದರೆ ಹೆಚ್ಚುವ ಮೊದಲು, ಇಲಿ ಬದುಕಿದ್ದಾಗಲೇ, ಅದಕ್ಕೆ ವಿಡಿಯೋ ತೋರಿಸಿ ಸುಮಾರು 75,000 ಕೋಶಗಳ ಚಟುವಟಿಕೆಯನ್ನು ದಾಖಲಿಸಿಕೊಂಡರು. ಮೊದಲು ಲಾಗ್, ಆಮೇಲೆ ಸೋರ್ಸ್.

ಅಂದ ಹಾಗೆ, ಆ ಇಲಿಗೆ ತೋರಿಸಿದ ಸಿನಿಮಾ ತುಣುಕುಗಳಲ್ಲಿ 'ದಿ ಮ್ಯಾಟ್ರಿಕ್ಸ್' ಕೂಡ ಇತ್ತಂತೆ.